ಎತ್ತಿಗೆ ಜ್ವರ, ಎಮ್ಮೆಗೆ ಬರೆ

ವಿಮರ್ಶೆ ಅಂದರೆ ಕಾವ್ಯ, ಕಾದಂಬರಿಗೆ ಮಾತ್ರ ಸೇರಿದ್ದು ಅಂತ ಪಂಡಿತರು ನಮ್ಮನ್ನು ನಂಬಿಸಿಬಿಟ್ಟಿದ್ದಾರೆ. ದುಡಿಯುವವನ ಅನ್ನಕ್ಕೆ ಕೈಯಿಡುವ ಸರ್ಕಾರಿ ಆಜ್ಞೆಯೂ ಒಂದು ಕೃತಿಯೇ. ಅದಕ್ಕೂ ಭಾಷೆಯಿದೆ, ಮುಚ್ಚಿಟ್ಟ ಅರ್ಥವಿದೆ. ಅಂಥದ್ದೊಂದನ್ನು ಇಲ್ಲಿ ಓದೋಣ: ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರ್‌ನಲ್ಲಿ ಹೊರಡಿಸಿದ ಪ್ರತೀಕಾರದ ಸುಂಕದ ಘೋಷಣೆ.

ಹಿನ್ನೆಲೆ ಇಷ್ಟು. ಅಮೆರಿಕದ ಅಗ್ಗದ ಕೋಳಿಮಾಂಸ ಪಶ್ಚಿಮ ಜರ್ಮನಿಯ ಪೇಟೆಗೆ ನುಗ್ಗಿತ್ತು. 1962ರಲ್ಲಿ ಯುರೋಪಿನ ಆರು ದೇಶಗಳ ಒಕ್ಕೂಟ ಅದರ ಮೇಲೆ ಸುಂಕ ಏರಿಸಿತು. ಅಮೆರಿಕದ ವ್ಯಾಪಾರ ಕುಸಿಯಿತು. ಗ್ಯಾಟ್ ಒಪ್ಪಂದದ ಪಂಚಾಯ್ತಿ ನಷ್ಟವನ್ನು 2 ಕೋಟಿ 60 ಲಕ್ಷ ಡಾಲರ್ ಎಂದು ಲೆಕ್ಕ ಕಟ್ಟಿತು. ಅದಕ್ಕೆ ಸೇಡಾಗಿ ಅಮೆರಿಕ ಸುಂಕ ಹೇರಿದ್ದು ಯಾವುದರ ಮೇಲೆ? ಆಲೂಗಡ್ಡೆಯ ಪಿಷ್ಟ, ಡೆಕ್ಸ್ಟ್ರಿನ್, ಬ್ರಾಂದಿ ಮತ್ತು ಸಣ್ಣ ಲಾರಿ! ಲಾರಿಗೆ ಶೇಕಡಾ 25. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯೋದು ಅಂದರೆ ಇದೇ ಅಲ್ಲವೇ?

'ಪ್ರತೀಕಾರ' ಎಂಬ ಪದವನ್ನು ಗಮನಿಸಿ. ಇಡೀ ದೇಶಕ್ಕೆ ಒಂದೇ ಮೈ, ಒಂದೇ ಗಾಯ ಎಂದು ಅದು ನಂಬಿಸುತ್ತದೆ. ಆದರೆ ಗಾಯ ಕೋಳಿ ಸಾಕುವವನದು, ಮದ್ದು ದಕ್ಕಿದ್ದು ಲಾರಿ ಕಂಪನಿಗಳಿಗೆ. ಯುರೋಪಿನ ಕೋಳಿ ಸುಂಕ ಬಗ್ಗಲಿಲ್ಲ. ಪಿಷ್ಟ, ಡೆಕ್ಸ್ಟ್ರಿನ್, ಬ್ರಾಂದಿಯ ಮೇಲಿನ ಬರೆ ಕಾಲಕ್ರಮೇಣ ಮಾಯಿತು. ಲಾರಿಯ ಸುಂಕ ಮಾತ್ರ ಅರವತ್ತು ವರ್ಷ ದಾಟಿ ಬಾಳಿತು. ಕೋಳಿ ಜಗಳದಲ್ಲಿ ಇಲ್ಲದೇ ಇದ್ದ ಜಪಾನಿನ ಲಾರಿಗೂ ಅದೇ ಬರೆ. ಆ ಹೊರೆ ಕೊನೆಗೆ ಇಳಿಯುವುದು ಲಾರಿ ಕೊಳ್ಳುವ ಅಲ್ಲಿನ ರೈತನ, ಬಡಗಿಯ ಹೆಗಲಿಗೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ನಡೆಯೋದಿಲ್ಲ ಅಂತಾರೆ. ಆ ಗಾದೆ ಬಡವನಿಗೆ. ಫೋರ್ಡ್ ಕಂಪನಿ ಟರ್ಕಿಯಲ್ಲಿ ಮಾಡಿದ ವ್ಯಾನುಗಳಿಗೆ ಹಿಂದಿನ ಸೀಟು ಜೋಡಿಸಿ, ಪ್ರಯಾಣಿಕರ ಗಾಡಿ ಎಂದು ಶೇಕಡಾ 2.5 ಸುಂಕ ಕಟ್ಟಿ ಅಮೆರಿಕಕ್ಕೆ ತಂದಿತು. ಸುಂಕದ ಕಟ್ಟೆ ದಾಟಿದ ಮೇಲೆ ಸೀಟು ಕಿತ್ತು ಸರಕಿನ ಗಾಡಿ ಮಾಡಿತು. 2013ರಲ್ಲಿ ಸುಂಕದ ಇಲಾಖೆ ಇದನ್ನು ಒಪ್ಪಲಿಲ್ಲ. 2017ರಲ್ಲಿ ಒಂದು ಕೋರ್ಟು ಕಂಪನಿಯ ಪರ ನಿಂತಿತು, 2019ರಲ್ಲಿ ಮೇಲಿನ ಕೋರ್ಟು ಅದನ್ನು ತಿರುಗಿಸಿತು. 2024ರಲ್ಲಿ ಕಂಪನಿ 36 ಕೋಟಿ 50 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಹತ್ತು ವರ್ಷ ಕಾನೂನಿನ ಜೊತೆ ಜಗ್ಗಾಡುವ ತ್ರಾಣ ಅದಕ್ಕಿತ್ತು. ನಾಲ್ಕು ಪೆಟ್ಟಿಗೆ ಸಾಮಾನು ತರಿಸುವ ಸಣ್ಣ ವ್ಯಾಪಾರಿಗೆ ಎಲ್ಲಿಂದ ಬರಬೇಕು ಈ ತ್ರಾಣ? ಅವನ ಪಾಲಿಗೆ ಕಾಯ್ದೆ ಪಾಲನೆ ಅಂದರೆ ಕೇಳಿದಷ್ಟು ಕಟ್ಟೋದು.

ಇದು ಪರದೇಶದ ಕತೆ ಅಂತ ಸುಮ್ಮನೆ ಕೂರಬೇಡಿ. 2018ರಲ್ಲಿ ಅಮೆರಿಕ ಉಕ್ಕು, ಅಲ್ಯೂಮಿನಿಯಂ ಮೇಲೆ ಸುಂಕ ಹೇರಿತು. 2019ರ ಜೂನ್‌ನಲ್ಲಿ ಭಾರತ ಅಮೆರಿಕದ ಸೇಬು, ಬಾದಾಮಿ ಸೇರಿ 28 ಸರಕಿನ ಮೇಲೆ ಹೇರಿತು. 2023ರಲ್ಲಿ ರಾಜಿಯಾಗಿ ಸೇಬಿನ ಹೆಚ್ಚುವರಿ ಸುಂಕ ತೆಗೆದಾಗ ಹಿಮಾಚಲದ ಸೇಬು ಬೆಳೆಗಾರರು ಪ್ರತಿಭಟಿಸಿದರು. ಜಗಳ ಉಕ್ಕಿನದು, ಪಣಕ್ಕಿಟ್ಟದ್ದು ಸೇಬಿನ ತೋಟ.

ಸುಂಕವೇ ಬೇಡ ಎನ್ನುವುದು ನಮ್ಮ ವಾದವಲ್ಲ. ಬಡ ರೈತನ ಬೆಳೆ ಕಾಯುವ ಸುಂಕ ಬೇಕೇ ಬೇಕು. ಆದರೆ ದೇಶದ ಮಾನದ ಹೆಸರಲ್ಲಿ ಸೇಡಿನ ಘೋಷಣೆ ಬಂದಾಗ ಶಾಲೆಯ ಮೇಷ್ಟ್ರು, ಹಾಸ್ಟೆಲಿನ ಹುಡುಗರು ಅದನ್ನು ಪದಪದವಾಗಿ ಓದಿ ಕೇಳಬೇಕು: ಗಾಯ ಯಾರದು? ಬರೆ ಯಾರಿಗೆ? ಗಂಟು ಯಾರ ಮನೆಗೆ?