ವಾಸ್ತುವಿದ್ಯಾರ್ಥಿನಿಯೊಬ್ಬಳ ಎರಡು ವಿನ್ಯಾಸಗಳು: ಒಂದು ವಿಮರ್ಶೆ

ವಾಸ್ತುವಿದ್ಯೆಯನ್ನು ಅಭ್ಯಸಿಸುವವರು ಪಾಠಶಾಲೆಯಲ್ಲಿ ರಚಿಸುವ ವಿನ್ಯಾಸಗಳಲ್ಲಿ ಬಹುಭಾಗವು ಪರೀಕ್ಷಕರ ಕಣ್ಣಿಗೆ ಬಿದ್ದು ಅಲ್ಲಿಗೇ ಮುಗಿಯುತ್ತದೆ. ಅವು ಕಟ್ಟಡಗಳಲ್ಲ, ಕಟ್ಟಡದ ಸಂಕಲ್ಪಗಳು. ಆದುದರಿಂದ ಕಾವ್ಯ ಚಿತ್ರಗಳಂತೆ ಇವೂ ವಿಮರ್ಶೆಗೆ ಅರ್ಹವೇ ಎಂಬ ಪ್ರಶ್ನೆ ಏಳುವುದು ಸಹಜ. ನಮ್ಮ ಶಿಲ್ಪಶಾಸ್ತ್ರಕಾರರು ಸರ್ವಾವಯವಗಳೂ ಕಾಣುವಂತೆ ಕಡೆದ ರೂಪವನ್ನು ಚಿತ್ರವೆಂದೂ, ಅರ್ಧಭಾಗ ಮಾತ್ರ ಭಿತ್ತಿಯಿಂದ ಹೊರಟು ನಿಂತುದನ್ನು ಅರ್ಧಚಿತ್ರವೆಂದೂ, ವರ್ಣದಿಂದ ಬರೆದುದನ್ನು ಚಿತ್ರಾಭಾಸವೆಂದೂ ವಿಂಗಡಿಸಿದ್ದಾರೆ. ಆಭಾಸವೆಂಬ ಪದಕ್ಕೆ ಇಲ್ಲಿ ಹೀನಾರ್ಥವಿಲ್ಲ. ಅದು ತೋರಿಕೆಯೆಂಬಷ್ಟೇ ಅರ್ಥ. ವರ್ಣಚಿತ್ರವು ರೂಪದ ಆಭಾಸವಾದರೂ ರಸವನ್ನು ಕೊಡಬಲ್ಲುದಾದರೆ, ಕಟ್ಟಡದ ಆಭಾಸವಾದ ವಿದ್ಯಾರ್ಥಿಯ ವಿನ್ಯಾಸವೂ ಏಕೆ ಕೊಡಲಾರದು? ಕೊಡಬಲ್ಲುದೆಂಬುದಕ್ಕೆ ಮಾಯಾ ಲಿನ್ ಎಂಬ ವಿದ್ಯಾರ್ಥಿನಿಯು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ರಚಿಸಿದ ಎರಡು ವಿನ್ಯಾಸಗಳು ಉತ್ತಮ ನಿದರ್ಶನ. ಅವುಗಳಲ್ಲಿ ಒಂದು ಏಕೆ ಸೋತಿತು, ಮತ್ತೊಂದು ಏಕೆ ಗೆದ್ದಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮಾಯಾ ಲಿನ್ ಜನಿಸಿದುದು ೧೯೫೯ರಲ್ಲಿ, ಒಹಾಯೊ ಸಂಸ್ಥಾನದ ಅಥೆನ್ಸ್ ಪಟ್ಟಣದಲ್ಲಿ. ತಂದೆ ಮೃತ್ತಿಕಾಶಿಲ್ಪಿ, ತಾಯಿ ಕವಯಿತ್ರಿ; ಇಬ್ಬರೂ ಚೀಣದೇಶದಿಂದ ಬಂದು ನೆಲೆಸಿದವರು. ಈಕೆಗೆ ಮಣ್ಣನ್ನು ಕೈಯಿಂದ ತಿದ್ದುವ ಅಭ್ಯಾಸವೂ ಕಂಚಿನ ಎರಕದ ಪರಿಚಯವೂ ವಾಸ್ತುಶಾಸ್ತ್ರದ ಪಾಠಕ್ಕಿಂತ ಮೊದಲೇ ಆದುವು. ಈ ವಿಷಯವನ್ನು ಇಲ್ಲಿ ಹೇಳಲು ಕಾರಣವುಂಟು. ಈಕೆಯ ವಿನ್ಯಾಸಗಳಲ್ಲಿ ಗೋಡೆ ಛಾವಣಿಗಳ ಯೋಚನೆಗಿಂತ ಮುಂಚೆ ನೆಲದ ಯೋಚನೆ ಹುಟ್ಟುತ್ತದೆ.

೧೯೮೦ರಲ್ಲಿ ಈಕೆಯ ತರಗತಿಯಲ್ಲಿ ಮೃತಸ್ಮಾರಕ ವಾಸ್ತುವೇ ಅಧ್ಯಯನದ ವಿಷಯವಾಗಿದ್ದಿತು. ಮೊದಲಿಗೆ ಮೂರನೆಯ ಮಹಾಯುದ್ಧಕ್ಕೆ, ಎಂದರೆ ಇನ್ನೂ ನಡೆಯದ ಯುದ್ಧಕ್ಕೆ, ಒಂದು ಸ್ಮಾರಕವನ್ನು ರಚಿಸಬೇಕಾಗಿ ಬಂದಿತು. ವಿದ್ಯಾರ್ಥಿನಿಯು ನೆಲದಡಿಯಲ್ಲಿ ಗೋರಿಯಂಥ ಒಂದು ರಚನೆಯನ್ನು ಕಲ್ಪಿಸಿದಳು. ಒಳಹೊಕ್ಕವನಿಗೆ ಆಶಾಭಂಗವೇ ಫಲವಾಗಬೇಕೆಂಬುದು ಆಕೆಯ ಬುದ್ಧಿಪೂರ್ವಕವಾದ ಉದ್ದೇಶ. ಅದನ್ನು ಕಂಡ ಗುರುವು ಕೋಪಗೊಂಡು, ತನ್ನ ಸೋದರನು ಆ ಯುದ್ಧದಲ್ಲಿ ಮಡಿದಿದ್ದರೆ ತಾನು ಇಂಥ ಸ್ಮಾರಕಕ್ಕೆ ಎಂದಿಗೂ ಬರಲೊಲ್ಲೆನೆಂಬ ಅಭಿಪ್ರಾಯವನ್ನು ತಿಳಿಸಿದುದಾಗಿ ಆಕೆಯೇ ಬರೆದಿದ್ದಾಳೆ. ಅಂಥ ಯುದ್ಧವು ನಡೆದರೆ ಸ್ಮಾರಕವನ್ನು ನೋಡಲು ಯಾರೂ ಉಳಿದಿರರು ಎಂಬುದು ಆಕೆಯ ಸಮಾಧಾನ.

ಈ ವಾದದಲ್ಲಿ ಇಬ್ಬರ ಪಕ್ಷವನ್ನೂ ತೂಗಿ ನೋಡತಕ್ಕುದು. ತರ್ಕದಿಂದ ನೋಡಿದರೆ ವಿದ್ಯಾರ್ಥಿನಿಯ ಮಾತು ಅಖಂಡನೀಯ. ನೋಡುವವನೇ ಇಲ್ಲದ ಸ್ಮಾರಕವು ನಿಷ್ಫಲವೆಂಬುದನ್ನು ನಿಷ್ಫಲವಾದ ಸ್ಮಾರಕದಿಂದಲೇ ತೋರಿಸುವುದು ಚತುರವಾದ ಉಕ್ತಿ. ಆದರೆ ಉಕ್ತಿಚಾತುರ್ಯ ಬೇರೆ, ರಸ ಬೇರೆ. ಸಹೃದಯನಿಲ್ಲದೆ ರಸನಿಷ್ಪತ್ತಿಯಿಲ್ಲ. ಈ ವಿನ್ಯಾಸವು ಸಹೃದಯನನ್ನು ಒಳಕ್ಕೆ ಕರೆದು ಬಾಗಿಲು ಮುಚ್ಚುತ್ತದೆ. ಶೋಕವು ಆಸ್ವಾದ್ಯವಾಗಿ ಕರುಣವೆನಿಸುವ ಮೊದಲೇ ಉಸಿರು ಕಟ್ಟುತ್ತದೆ. ಗುರುವಿನ ಕೋಪವು ಕೇವಲ ಕೋಪವಲ್ಲ, ಯೋಗ್ಯವಾದ ವಿಮರ್ಶೆ. ಅದು ಮರುವಿನ್ಯಾಸದಲ್ಲಿ ಫಲಿಸಿತೆಂದು ನನ್ನ ಅಭಿಪ್ರಾಯ.

ಎರಡನೆಯ ವಿನ್ಯಾಸವು ವಿಯೆಟ್ನಾಂ ಯುದ್ಧದಲ್ಲಿ ಮಡಿದ ಅಮೆರಿಕದ ಯೋಧರಿಗಾಗಿ. ವಾಷಿಂಗ್‌ಟನ್ ನಗರದಲ್ಲಿ ಕಟ್ಟಬೇಕಾಗಿದ್ದ ಈ ಸ್ಮಾರಕಕ್ಕೆ ಬಹಿರಂಗ ಸ್ಪರ್ಧೆ ಏರ್ಪಟ್ಟಿದ್ದಿತು. ತರಗತಿಯವರು ಅದನ್ನೇ ಅಭ್ಯಾಸವಿಷಯವಾಗಿ ಎತ್ತಿಕೊಂಡರು. ವಿದ್ಯಾರ್ಥಿನಿಯು ೧೯೮೦ರ ನವೆಂಬರಿನಲ್ಲಿ ಆ ಬಯಲಿಗೆ ಹೋಗಿ ನೋಡಿದಳು. ನೆಲವನ್ನು ಕತ್ತಿಯಿಂದ ಕೊಯ್ದು ತೆರೆದಂತೆಯೂ, ಆ ಗಾಯವು ಕಾಲಕ್ರಮದಲ್ಲಿ ಮಾಯ್ದು ಹುಲ್ಲು ಬೆಳೆದು ಕೊಯ್ದ ಅಂಚು ಮಾತ್ರ ಕನ್ನಡಿಯಂತೆ ಉಳಿದಂತೆಯೂ ಆಕೆಗೆ ತೋರಿತು. ವಿನ್ಯಾಸವೆಲ್ಲವೂ ಇಷ್ಟೇ. ಎರಡು ಕರಿಯ ಗೋಡೆಗಳು ಸುಮಾರು ೧೨೫ ಅಂಶಗಳ ಕೋನದಲ್ಲಿ ಸೇರುತ್ತವೆ. ಒಂದು ಗೋಡೆಯ ತುದಿ ವಾಷಿಂಗ್‌ಟನ್ ಸ್ತಂಭದ ಕಡೆಗೆ, ಮತ್ತೊಂದರದು ಲಿಂಕನ್ ಮಂದಿರದ ಕಡೆಗೆ ಚಾಚಿದೆ. ಕಟ್ಟಿದ ರೂಪದಲ್ಲಿ ಒಂದೊಂದು ಗೋಡೆಯ ಉದ್ದ ಸುಮಾರು ೨೪೭ ಅಡಿ. ಸೇರುವ ಮೂಲೆಯಲ್ಲಿ ಎತ್ತರ ಸುಮಾರು ೧೦ ಅಡಿ. ತುದಿಗಳಲ್ಲಿ ಗೋಡೆಯು ಕೆಲವೇ ಅಂಗುಲಗಳಾಗಿ ನೆಲದೊಡನೆ ಒಂದಾಗುತ್ತದೆ. ಗೋಡೆಯ ಹಿಂದೆ ಮಣ್ಣು, ಮೇಲೆ ಹುಲ್ಲು.

ಮೊದಲನೆಯ ವಿನ್ಯಾಸದ ದ್ರವ್ಯವೇ ಇಲ್ಲಿಯೂ ಇದೆಯೆಂಬುದನ್ನು ವಾಚಕರು ಗಮನಿಸಬೇಕು. ಅಲ್ಲಿಯೂ ನೆಲದಡಿ, ಇಲ್ಲಿಯೂ ನೆಲದಡಿ. ಅಲ್ಲಿಯೂ ಮೃತ್ಯು, ಇಲ್ಲಿಯೂ ಮೃತ್ಯು. ಭೇದವಿರುವುದು ದಾರಿಯಲ್ಲಿ. ಇಲ್ಲಿ ಇಳಿದವನು ಮತ್ತೆ ಏರುತ್ತಾನೆ. ಗೋಡೆಯು ಅವನ ಕಾಲಬಳಿಯಿಂದ ಹೊರಟು ತಲೆಯನ್ನು ಮೀರಿ ಬೆಳೆದು ಪುನಃ ಕಾಲಬಳಿಗೆ ಬರುತ್ತದೆ. ಮೇಲೆ ಆಕಾಶವು ಎಲ್ಲಿಯೂ ಮುಚ್ಚಿಲ್ಲ. ಶೋಕಕ್ಕೆ ಪ್ರವೇಶವಿದ್ದಂತೆ ನಿರ್ಗಮವೂ ಇದೆ.

ಇನ್ನು ನಾಮಾವಳಿಯ ವಿಚಾರ. ಹೆಸರುಗಳನ್ನು ಕೆತ್ತಿಸಿದುದೇ ಈಕೆಯ ಪ್ರತಿಭೆಯೆಂದು ಹೊಗಳುವವರುಂಟು. ಇದು ಸರಿಯಲ್ಲ. ಮಡಿದವರ ಮತ್ತು ಕಾಣೆಯಾದವರ ಹೆಸರುಗಳೆಲ್ಲ ಇರಬೇಕು, ಯುದ್ಧದ ಸಾಧುತ್ವ ಅಸಾಧುತ್ವಗಳ ಬಗ್ಗೆ ಸ್ಮಾರಕವು ಏನನ್ನೂ ಹೇಳಬಾರದು ಎಂಬುವು ಸ್ಪರ್ಧೆಯ ನಿಬಂಧನೆಗಳೇ ಆಗಿದ್ದುವು. ೧,೪೨೧ ಸ್ಪರ್ಧಿಗಳಿಗೂ ಅವು ಸಮಾನ. ಹೆಸರುಗಳ ಭಿತ್ತಿಯೂ ಹೊಸದಲ್ಲ. ನವದೆಹಲಿಯ ಇಂಡಿಯಾ ಗೇಟನ್ನು ರಚಿಸಿದ ಲಟ್ಯೆನ್ಸ್ ಎಂಬ ವಾಸ್ತುಶಿಲ್ಪಿಯೇ ಫ್ರಾನ್ಸಿನ ಥಿಯೆಪ್ವಾಲ್‌ನಲ್ಲಿ ೭೨,೦೦೦ಕ್ಕೂ ಮಿಕ್ಕ ಹೆಸರುಗಳ ಸ್ಮಾರಕವನ್ನು ರಚಿಸಿದನು. ಅದು ೧೯೩೨ರಲ್ಲಿ ಉದ್ಘಾಟಿತವಾಯಿತು. ಅದರ ವಿಚಾರವಾಗಿ ಈ ವಿದ್ಯಾರ್ಥಿನಿ ಯೇಲ್‌ನಲ್ಲಿ ಉಪನ್ಯಾಸವನ್ನು ಕೇಳಿದ್ದಳು. ಈಕೆಯದೆಂದು ನಿಶ್ಚಯವಾಗಿ ಹೇಳತಕ್ಕುದು ಕ್ರಮ. ಹೆಸರುಗಳನ್ನು ಅಕಾರಾದಿಯಾಗಿ ಇಡಲಿಲ್ಲ, ಪದವಿಗನುಸಾರವಾಗಿಯೂ ಇಡಲಿಲ್ಲ. ಮಡಿದ ದಿನಕ್ಕನುಸಾರವಾಗಿ ಇಟ್ಟಳು. ೧೯೫೯ ಎಂಬ ಅಂಕಿಯಿಂದ ಮೂಲೆಯಲ್ಲಿ ಆರಂಭವಾಗುವ ಶ್ರೇಣಿಯು ಬಲಗೋಡೆಯ ಉದ್ದಕ್ಕೂ ಸಾಗಿ ಮಣ್ಣಿನಲ್ಲಿ ಮುಳುಗುತ್ತದೆ. ಪುನಃ ಎಡಗೋಡೆಯ ತುದಿಯಲ್ಲಿ ಎದ್ದು, ೧೯೭೫ ಎಂಬ ಅಂಕಿಯೊಡನೆ ಅದೇ ಮೂಲೆಯಲ್ಲಿ ಸಮಾಪ್ತವಾಗುತ್ತದೆ. ಉಪಕ್ರಮ ಉಪಸಂಹಾರಗಳು ಒಂದೇ ಸ್ಥಾನದಲ್ಲಿ ಕೂಡುತ್ತವೆ. ಮೀಮಾಂಸಕರು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಮೊದಲು ನೋಡುವುದು ಇವೆರಡನ್ನೇ. ಯುದ್ಧವು ಮುಗಿದಿದೆ, ಅದರ ವೃತ್ತವು ಪೂರ್ಣವಾಗಿದೆ ಎಂಬ ಅರ್ಥವನ್ನು ಒಂದು ಅಕ್ಷರವನ್ನೂ ಬರೆಯದೆ ಸ್ಥಾನಮಾತ್ರದಿಂದ ಧ್ವನಿಸಿದುದು ಈ ವಿನ್ಯಾಸದ ಜೀವ.

ಸ್ಪರ್ಧೆಗೆ ಕಳುಹಿದ ಚಿತ್ರಗಳ ವಿಷಯದಲ್ಲಿ ನನ್ನ ಪ್ರಶಂಸೆಯು ಪರಿಮಿತ. ಮೆದುವಾದ ಪ್ಯಾಸ್ಟೆಲ್ ಬಣ್ಣದ ಕಡ್ಡಿಗಳಿಂದ ಬರೆದ ಆ ಪಟಗಳಲ್ಲಿ ವಿಶಾಲವಾದ ಬಯಲೂ ಅದರಲ್ಲಿ ಕಪ್ಪಾದ ಒಂದು ಆಕಾರವೂ ಕಾಣುತ್ತವೆ. ಹೆಸರುಗಳಾಗಲಿ ಅವುಗಳ ಕ್ರಮವಾಗಲಿ ಕಾಣುವುದಿಲ್ಲ. ಜೊತೆಗೆ ಕೈಬರಹದ ಒಂದು ವಿವರಣೆಯಿಲ್ಲದಿದ್ದರೆ ಅರ್ಥವಾಗುವುದು ಕಷ್ಟ. ವ್ಯಾಖ್ಯಾನವನ್ನು ಬೇಡುವ ಕಾವ್ಯಕ್ಕೆ ಕ್ಲಿಷ್ಟತ್ವದೋಷವುಂಟೆನ್ನುವವರು ಇಲ್ಲಿಯೂ ಆ ದೋಷವನ್ನು ಹೇಳಬಹುದು. ಆದರೆ ಆ ಬರಹವು ಚಿತ್ರದ ವ್ಯಾಖ್ಯಾನವಲ್ಲ, ವಿನ್ಯಾಸದ ಅರ್ಧಾಂಗ. ಚಿತ್ರವು ಸ್ಥಳವನ್ನು ತೋರಿಸುತ್ತದೆ. ನಡೆದು ಹೋಗುವವನ ಅನುಭವದ ಕ್ರಮವನ್ನು ವಾಕ್ಯವೇ ಹೇಳಬೇಕು. ಶಬ್ದಾರ್ಥಗಳು ಸಹಿತವಾದುದು ಕಾವ್ಯವೆನ್ನುವಂತೆ, ರೇಖೆ ವಾಕ್ಯಗಳೆರಡೂ ಸಹಿತವಾಗಿ ಇಲ್ಲಿ ಒಂದು ಕೃತಿ. ಪಟಗಳ ಮೇಲೆ ರಚಿಸಿದವರ ಹೆಸರಿರಲಿಲ್ಲ, ಅಂಕಿ ಮಾತ್ರವಿದ್ದಿತು. ನಿರ್ಣಾಯಕರು ೧೦೨೬ನೆಯದನ್ನು ಏಕಮತದಿಂದ ಆರಿಸಿದರು. ೧೯೮೧ರ ಮೇ ತಿಂಗಳಿನಲ್ಲಿ ಹೆಸರು ಹೊರಬಿದ್ದಾಗ ರಚಿಸಿದವಳು ೨೧ ವರ್ಷದ ವಿದ್ಯಾರ್ಥಿನಿಯೆಂದು ಲೋಕಕ್ಕೆ ತಿಳಿಯಿತು.

ಅನಂತರ ಎದ್ದ ಆಕ್ಷೇಪಗಳು ಪ್ರಸಿದ್ಧವಾದುವು. ವೀರರ ಪ್ರತಿಮೆಯಿಲ್ಲ, ಕಪ್ಪು ಬಣ್ಣವು ಅಪಮಾನಸೂಚಕ, ನೆಲದಡಿಯಲ್ಲಿಟ್ಟುದು ಮರೆಮಾಡಿದಂತೆ, ಹೆಸರನ್ನು ಹುಡುಕುವುದು ಕಷ್ಟ. ಇವುಗಳ ಜೊತೆಗೆ ರಚಿಸಿದವಳ ಕುಲಮೂಲವನ್ನು ಎತ್ತಿ ಆಡಿದವರೂ ಇದ್ದರು. ಕೊನೆಯದು ವಿಮರ್ಶೆಯೇ ಅಲ್ಲ. ಹೆಸರಿಲ್ಲದ ಪಟದಲ್ಲಿದ್ದ ಗುಣವು ಹೆಸರು ತಿಳಿದೊಡನೆ ದೋಷವಾಗಲಾರದು. ಉಳಿದುವುಗಳಿಗೆ ಸಮಾಧಾನವನ್ನು ಹೇಳಬೇಕು.

ವೀರರಸಕ್ಕೆ ಉತ್ಸಾಹವು ಸ್ಥಾಯಿ. ಆ ಯುದ್ಧವು ಧರ್ಮ್ಯವೋ ಅಲ್ಲವೋ ಎಂದು ಇಡೀ ಜನಾಂಗವೇ ಎರಡಾಗಿ ಒಡೆದಿದ್ದಾಗ ಎಲ್ಲರಲ್ಲಿಯೂ ಉತ್ಸಾಹವು ಸಾಧಾರಣವಾಗಿರಲು ಸಾಧ್ಯವಿಲ್ಲ. ಶೋಕವೊಂದೇ ಇಬ್ಬರಿಗೂ ಸಾಧಾರಣ. ಆದುದರಿಂದ ಕರುಣವನ್ನು ಅಂಗಿಯಾಗಿ ಹಿಡಿದುದು ಔಚಿತ್ಯ. ಪ್ರತಿಮೆಯನ್ನು ಕೇಳಿದವರು ವ್ಯಂಗ್ಯವಾಗಬೇಕಾದುದನ್ನು ವಾಚ್ಯಮಾಡೆಂದು ಕೇಳಿದಂತಾಯಿತು. ೧೯೮೪ರಲ್ಲಿ ಫ್ರೆಡೆರಿಕ್ ಹಾರ್ಟ್ ರಚಿಸಿದ ಮೂವರು ಯೋಧರ ಕಂಚಿನ ಪ್ರತಿಮೆಯನ್ನು ಗೋಡೆಯಿಂದ ದೂರದಲ್ಲಿ ನಿಲ್ಲಿಸಿದರು. ಅದು ತನ್ನಷ್ಟಕ್ಕೆ ಸಮರ್ಥವಾದ ಶಿಲ್ಪ. ಆದರೆ ಕೋನದ ಮೂಲೆಯಲ್ಲಿಯೇ ನಿಂತಿದ್ದರೆ ಕೃತಿಯ ಹೃದಯವು ಒಡೆಯುತ್ತಿತ್ತು. ಕಪ್ಪಿನ ಆಕ್ಷೇಪವು ಬಣ್ಣವನ್ನು ಮಾತ್ರ ನೋಡಿತು, ಹೊಳಪನ್ನು ನೋಡಲಿಲ್ಲ. ಹೊಳಪಿಟ್ಟ ಕರಿಕಲ್ಲಿನಲ್ಲಿ ಹೆಸರನ್ನು ಓದುವವನು ತನ್ನ ಮುಖವನ್ನೂ ಕಾಣುತ್ತಾನೆ. ಮಹಾಭಾರತದ ಮಯಸಭೆಯ ಹೊಳಪು ನೋಡಿದವನನ್ನು ಮರುಳುಗೊಳಿಸಿತು. ಈ ಹೊಳಪು ಅವನನ್ನು ಎಚ್ಚರಿಸುತ್ತದೆ. ಬಿಂಬಪ್ರತಿಬಿಂಬಭಾವವು ಇಲ್ಲಿ ಅಲಂಕಾರವಲ್ಲ, ವಸ್ತುವೇ ಆಗಿದೆ. ಹುಡುಕುವ ಕಷ್ಟವೂ ದೋಷವಲ್ಲ. ಅರ್ಧ ಅಂಗುಲದಷ್ಟೇ ಎತ್ತರದ ಅಕ್ಷರಗಳಿಗಾಗಿ ಹತ್ತಿರ ಸರಿದವನು ತನ್ನವನ ಅಕ್ಕಪಕ್ಕದಲ್ಲಿ ಅದೇ ದಿನ ಮಡಿದವರನ್ನೂ ಓದುತ್ತಾನೆ. ಅಕಾರಾದಿಯಾಗಿದ್ದರೆ ಒಂದೇ ಹೆಸರಿನ ಹಲವರು ಸಾಲಾಗಿ ನಿಂತು, ಯಾರು ಯಾರೆಂದು ತಿಳಿಯದೆ ಕೋಷ್ಟಕವಾಗುತ್ತಿತ್ತು.

ನಮ್ಮ ವೀರಗಲ್ಲುಗಳೊಡನೆ ಇದನ್ನು ಹೋಲಿಸಿದರೆ ಇದರ ಸ್ವರೂಪವು ಮತ್ತೂ ಸ್ಪಷ್ಟವಾಗುತ್ತದೆ. ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ನೋಡಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಬೆಂಗಳೂರಿನ ಹೆಸರು ಬರುವ ಬೇಗೂರಿನ ಶಾಸನವೂ ಇಂಥ ಮರಣದ ಸ್ಮರಣೆಯೇ. ಅಲ್ಲಿ ವೀರನ ಹೆಸರು ಉಂಟು, ಕಾರಣವುಂಟು, ಸ್ವರ್ಗವುಂಟು. ಮನೆಯವರಿಗೆ ನೆತ್ತರುಗೊಡಗೆಯ ಭೂಮಿಯೂ ದೊರೆಯುತ್ತಿತ್ತು. ವಾಷಿಂಗ್‌ಟನ್ನಿನ ಗೋಡೆಯಲ್ಲಿ ಕಾರಣವೂ ಇಲ್ಲ, ಸ್ವರ್ಗವೂ ಇಲ್ಲ. ಹೆಸರು ಮತ್ತು ಕಾಲ ಇವೆರಡೇ. ಇದು ನ್ಯೂನತೆಯಲ್ಲ. ಸ್ವರ್ಗದಲ್ಲಿ ಏಕಮತವಿದ್ದ ಸಮಾಜವು ಅದನ್ನು ಕೆತ್ತಿಸಿತು. ಕಾರಣದಲ್ಲಿಯೂ ಏಕಮತವಿಲ್ಲದ ಸಮಾಜಕ್ಕೆ ಹೆಸರು ಮಾತ್ರ ಉಳಿಯಿತು. ಆ ಗೋಡೆಯ ಕರಿಯ ಗ್ರಾನೈಟ್ ಶಿಲೆಯು ಬೆಂಗಳೂರಿನ ಕಡೆಯ ಗಣಿಯಿಂದ ಹೋದುದೆಂಬುದು ಕನ್ನಡಿಗರು ತಿಳಿದಿರಬೇಕಾದ ಸಂಗತಿ. ಅದನ್ನು ವರ್ಮಾಂಟ್ ಸಂಸ್ಥಾನದ ಬ್ಯಾರಿಯಲ್ಲಿ ಕತ್ತರಿಸಿ, ಟೆನೆಸ್ಸಿಯ ಮೆಂಫಿಸ್‌ನಲ್ಲಿ ಹೆಸರುಗಳನ್ನು ಕೊರೆದರು. ೧೯೮೨ರ ನವೆಂಬರ್ ೧೩ರಂದು ಸಮರ್ಪಣೆಯಾದಾಗ ೫೭,೯೩೯ ಹೆಸರುಗಳಿದ್ದುವು. ಅನಂತರ ಸೇರಿದುವುಗಳಿಂದ ಸಂಖ್ಯೆಯು ೫೮,೦೦೦ವನ್ನು ಮೀರಿತು.

ಈ ಕೃತಿಗೆ ಒಂದು ಎಲ್ಲೆಯುಂಟು. ಅದನ್ನು ಹೇಳದಿದ್ದರೆ ವಿಮರ್ಶೆಯು ಸ್ತುತಿಯಾದೀತು. ಆ ಯುದ್ಧದಲ್ಲಿ ಮಡಿದ ವಿಯೆಟ್ನಾಮಿನ ಜನರು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅವರಲ್ಲಿ ಒಬ್ಬನೂ ಈ ಗೋಡೆಯಲ್ಲಿಲ್ಲ. ನಿಬಂಧನೆಯು ಹಾಗಿದ್ದುದರಿಂದ ವಿದ್ಯಾರ್ಥಿನಿಯನ್ನು ದೂರುವಂತಿಲ್ಲ. ಆದರೂ ಕರುಣವು ಒಂದು ದೇಶದ ಗಡಿಯಲ್ಲಿ ನಿಂತಿದೆಯೆಂಬುದು ಸತ್ಯ, ಮತ್ತು ಗೋಡೆಯ ಮೌನವು ಅದನ್ನು ಸೂಚಿಸುವುದೂ ಇಲ್ಲ.

ವಿದ್ಯಾರ್ಥಿನಿಯ ಕೃತಿಯಲ್ಲಿ ಕಂಡ ಕ್ರಮದೃಷ್ಟಿಯು ಆಕಸ್ಮಿಕವಲ್ಲವೆಂಬುದಕ್ಕೆ ಮುಂದಿನ ರಚನೆಗಳೇ ಸಾಕ್ಷಿ. ಮಾಂಟ್ಗೊಮರಿಯಲ್ಲಿ ೧೯೮೯ರಲ್ಲಿ ಸಿದ್ಧವಾದ ನಾಗರಿಕ ಹಕ್ಕುಗಳ ಸ್ಮಾರಕದಲ್ಲಿ ನೀರು ಹರಿಯುವ ದುಂಡನೆಯ ಕಲ್ಲಿನ ಅಂಚಿನಲ್ಲಿ ೧೯೫೪ರಿಂದ ೧೯೬೮ರವರೆಗಿನ ಹೆಸರುಗಳೂ ಘಟನೆಗಳೂ ಇವೆ; ಆದಿ ಅಂತ್ಯಗಳ ನಡುವೆ ಬೇಕೆಂದೇ ಬರಿದಾದ ಜಾಗವನ್ನು ಬಿಟ್ಟಿದ್ದಾಳೆ. ಮುಗಿದ ಯುದ್ಧಕ್ಕೆ ಕೂಡಿದ ವೃತ್ತ, ಮುಗಿಯದ ಹೋರಾಟಕ್ಕೆ ಕೂಡದ ವೃತ್ತ! ೧೯೯೩ರಲ್ಲಿ ಯೇಲ್‌ನಲ್ಲಿಯೇ ನಿಂತ ಮಹಿಳೆಯರ ಮೇಜಿನ ಮೇಲೆ ಅಲ್ಲಿ ಓದಿದ ಸ್ತ್ರೀಯರ ಸಂಖ್ಯೆಯು ವರ್ಷವರ್ಷಕ್ಕೂ ಸೊನ್ನೆಗಳಿಂದ ಹೊರಟು ಸುರುಳಿಯಾಗಿ ಬೆಳೆಯುತ್ತದೆ. ೧೯೯೫ರಲ್ಲಿ ಆನ್ ಆರ್ಬರ್‌ನಲ್ಲಿ ರಚಿಸಿದ ಅಲೆಗಳ ಬಯಲಿನಲ್ಲಿ ಅಕ್ಷರವೂ ಇಲ್ಲ, ಅಂಕಿಯೂ ಇಲ್ಲ. ತಂದೆಯ ಮನೆಯಲ್ಲಿ ಕಲಿತ ಮಣ್ಣೊಂದೇ ಮಾತಾಡುತ್ತದೆ.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ವಿದ್ಯಾರ್ಥಿಯ ವಿನ್ಯಾಸವನ್ನು ಪರೀಕ್ಷಿಸುವವರು ರೇಖೆಯ ಬೆಡಗನ್ನೂ ಆಕಾರದ ನವೀನತೆಯನ್ನೂ ಅಳೆದು ನಿಲ್ಲಬಾರದು. ಅದರಲ್ಲಿ ನಡೆಯುವವನು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುವನು, ಆ ದಾರಿಯಲ್ಲಿ ಅವನ ಹೃದಯಕ್ಕೆ ಏನಾಗುವುದು ಎಂದು ಕೇಳಬೇಕು. ಸೋದರನನ್ನು ಕಳೆದುಕೊಂಡವನು ಇಲ್ಲಿಗೆ ಬರುವನೇ ಎಂದು ಆ ಗುರುವು ಕೇಳಿದ ಪ್ರಶ್ನೆಗೆ ಮೊದಲನೆಯ ವಿನ್ಯಾಸದಲ್ಲಿ ಉತ್ತರವಿರಲಿಲ್ಲ. ಎರಡನೆಯದರ ಎದುರಿನಲ್ಲಿ ಹೆಸರಿನ ಮೇಲೆ ಕಾಗದವನ್ನಿಟ್ಟು ಸೀಸದ ಕಡ್ಡಿಯಿಂದ ಉಜ್ಜಿ ಅಚ್ಚನ್ನು ತೆಗೆದುಕೊಂಡು ಹೋಗುವ ಜನರೇ ಅದರ ಉತ್ತರ.