ಕೆಂಪು ಬಾಗಿಲು ತೆಗೆದವರು ಯಾರು?

ಅಮೆರಿಕದಲ್ಲಿ ‘ಸಿನಿಮಾಸ್ಕೋರ್’ ಎಂಬ ಸಂಸ್ಥೆಯೊಂದಿದೆ. ಹೊಸ ಚಿತ್ರ ತೆರೆಕಂಡ ದಿನ ಚಿತ್ರಮಂದಿರಗಳಲ್ಲಿ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು, ಮಾರ್ಕ್ಸ್ ಕಾರ್ಡಿನ ಹಾಗೆ ‘ಎ’ಯಿಂದ ‘ಎಫ್’ವರೆಗೆ ಅಂಕ ಹಾಕಿಸುವುದು ಅದರ ಕೆಲಸ. 2017ರ ಜೂನ್ 9ರಂದು ಬಿಡುಗಡೆಯಾದ ‘ಇಟ್ ಕಮ್ಸ್ ಅಟ್ ನೈಟ್’ ಚಿತ್ರಕ್ಕೆ ಆ ಚೀಟಿಗಳಲ್ಲಿ ಸಿಕ್ಕಿದ್ದು ‘ಡಿ’. ಅದೇ ವಾರ ವಿಮರ್ಶಕರಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಮಂದಿ ಚಿತ್ರವನ್ನು ಮೆಚ್ಚಿ ಬರೆದಿದ್ದರು. ಕತ್ತಲಲ್ಲಿ ಒಂದೂವರೆ ಗಂಟೆ ಒಂದೇ ತೆರೆಯನ್ನು ನೋಡಿದ ಎರಡು ಗುಂಪುಗಳು ಬೇರೆ ಬೇರೆ ಸಿನಿಮಾ ನೋಡಿ ಬಂದಂತೆ ಮಾತಾಡಿದವು. ಇಂಥ ಹೊತ್ತಲ್ಲಿ ‘ಜನಕ್ಕೆ ಅರ್ಥವಾಗಲಿಲ್ಲ’ ಎಂದು ಕೈತೊಳೆದುಕೊಳ್ಳುವುದು ವಿಮರ್ಶಕರ ಹಳೇ ಚಾಳಿ. ನನಗೆ ಮಾತ್ರ ಆ ‘ಡಿ’ ಕೊಟ್ಟವರ ತಕರಾರುಗಳನ್ನು ಒಂದೊಂದಾಗಿ ವಿಚಾರಿಸಬೇಕು ಅನ್ನಿಸುತ್ತದೆ. ಅವುಗಳಲ್ಲಿ ಒಂದು ದುರ್ಬಲ, ಒಂದು ನ್ಯಾಯವಾದದ್ದು, ಇನ್ನೊಂದು ಚಿತ್ರದ ಗುಟ್ಟನ್ನೇ ಬಿಟ್ಟುಕೊಡುವಂಥದ್ದು. ಕೊನೆಯನ್ನು ಮುಚ್ಚಿಟ್ಟು ಈ ಚಿತ್ರದ ಬಗ್ಗೆ ಮಾತಾಡಲಾಗದು. ನೋಡುವ ಮನಸ್ಸಿದ್ದವರು ನೋಡಿ ಬಂದು ಓದಲಿ.

ಕಥೆ ಸಣ್ಣದು. ಯಾವುದೋ ಅಂಟುರೋಗ ಊರುಕೇರಿಗಳನ್ನು ಅಳಿಸಿಹಾಕಿದೆ. ಕಾಡಿನ ನಡುವಿನ ಮನೆಯೊಂದರಲ್ಲಿ ಪಾಲ್, ಅವನ ಹೆಂಡತಿ ಸಾರಾ, ಹದಿನೇಳರ ಮಗ ಟ್ರಾವಿಸ್ ಬದುಕುಳಿದಿದ್ದಾರೆ. ಕಿಟಕಿಗಳಿಗೆ ಹಲಗೆ ಹೊಡೆದಿದೆ. ಒಳಗೆ ಹೋಗಲು, ಹೊರಗೆ ಬರಲು ಇರುವುದು ಒಂದೇ ದಾರಿ, ಕೆಂಪು ಬಣ್ಣದ ಬಾಗಿಲು. ಮೊದಲ ದೃಶ್ಯದಲ್ಲೇ ಸಾರಾಳ ತಂದೆ ಮೈತುಂಬ ಹುಣ್ಣೆದ್ದು ಸಾಯುತ್ತಿದ್ದಾನೆ. ಅವನನ್ನು ಕೈಗಾಡಿಯಲ್ಲಿ ಕಾಡಿಗೆ ಒಯ್ದು ಗುಂಡಿಕ್ಕಿ ಸುಡುತ್ತಾರೆ. ಆಮೇಲೆ ಒಂದು ರಾತ್ರಿ ವಿಲ್ ಎಂಬ ಅಪರಿಚಿತ ಮನೆಗೆ ನುಗ್ಗುತ್ತಾನೆ. ಖಾಲಿ ಮನೆ ಅಂದುಕೊಂಡೆ, ಹೆಂಡತಿ ಮಗುವಿಗೆ ನೀರು ಬೇಕಿತ್ತು ಅನ್ನುತ್ತಾನೆ. ನಂಬಬಹುದೇ? ಪಾಲ್ ಅಳೆದೂ ತೂಗಿ ಆ ಕುಟುಂಬವನ್ನು ಮನೆಗೆ ಕರೆತರುತ್ತಾನೆ. ಮುಂದಿನದೆಲ್ಲ ಆ ಒಂದು ನಿರ್ಧಾರದ ಫಲ.

ಮೊದಲ ತಕರಾರು: ‘ರೋಗ ಯಾವುದು, ಎಲ್ಲಿಂದ ಬಂತು, ಹೇಳಲೇ ಇಲ್ಲ.’ ಇದು ನಿಲ್ಲುವ ಮಾತಲ್ಲ. ಆ ಮನೆಗೆ ಪೇಪರ್ ಬರುವುದಿಲ್ಲ, ರೇಡಿಯೋ ಉಲಿಯುವುದಿಲ್ಲ. ಅವರಿಗೆ ಗೊತ್ತಿಲ್ಲದ್ದನ್ನು ನಮಗೆ ಹೇಳಲು ಚಿತ್ರ ಒಪ್ಪುವುದಿಲ್ಲ, ಅಷ್ಟೆ. ಇದರ ಸತ್ಯ ನಮಗೆ ಚಿತ್ರ ಬಂದ ಮೂರು ವರ್ಷಕ್ಕೇ ಅರಿವಾಯಿತು. 2020ರ ಲಾಕ್‌ಡೌನಿನಲ್ಲಿ ನಮ್ಮ ಎಷ್ಟೋ ಹಳ್ಳಿಗಳು ಊರ ದಾರಿಗೆ ಮುಳ್ಳುಬೇಲಿ ಎಳೆದು ಕಾವಲು ಕೂತಿದ್ದವು. ಕಾವಲಿಗಿದ್ದವರಿಗೆ ವೈರಸ್ಸಿನ ಹುಟ್ಟು ಬೇಕಿರಲಿಲ್ಲ. ಬೇಲಿಯಾಚೆ ಗಂಟುಮೂಟೆ ಹೊತ್ತು ನಿಂತವನು ಬೆಂಗಳೂರಿನಿಂದ ಬಂದ ಅಣ್ಣನ ಮಗನೇ ಆದರೂ ಒಳಗೆ ಬಿಡಬಹುದೇ ಎಂಬುದೊಂದೇ ಪ್ರಶ್ನೆ. ಪಾಲ್ ಎದುರಿಗಿರುವುದೂ ಅದೇ.

ಎರಡನೆಯ ತಕರಾರು: ‘ರಾತ್ರಿ ಬರುತ್ತದೆ ಅಂದಿರಿ. ಏನು ಬಂತು?’ ಇದು ನ್ಯಾಯವಾದದ್ದು. ನಮ್ಮ ಕಡೆ ಒಂದು ಕಾಲಕ್ಕೆ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಬಂದು ಮನೆಯವರ ದನಿಯಲ್ಲೇ ಹೆಸರು ಹಿಡಿದು ಕೂಗುವ ದೆವ್ವಕ್ಕೆ ಕೊಟ್ಟ ಉತ್ತರ ಅದು. ಆ ನಂಬಿಕೆಯಲ್ಲಿ ದೆವ್ವಕ್ಕಿಂತ ಭಯ ಹುಟ್ಟಿಸುವುದು ದನಿ. ಕರೆಯುತ್ತಿರುವುದು ನಮ್ಮವರೋ ಅಲ್ಲವೋ ತಿಳಿಯುವ ಬಗೆ ಇಲ್ಲ. ಈ ಚಿತ್ರದ ಶೀರ್ಷಿಕೆಯೂ ಆ ಭಯವನ್ನೇ ಕುರಿತದ್ದು ಎಂದು ವಾದಿಸಬಹುದು. ಆದರೆ ಟ್ರೇಲರ್ ವಾದ ಮಾಡುವುದಿಲ್ಲ, ಆಸೆ ಹುಟ್ಟಿಸುತ್ತದೆ. ಕತ್ತಲ ಕಾಡು, ಬೊಗಳುವ ನಾಯಿ, ಕೆಂಪು ಬಾಗಿಲು ತೋರಿಸಿ ‘ಅದು ಬರುತ್ತದೆ’ ಎಂದ ಮೇಲೆ, ಟಿಕೆಟ್ ಕೊಂಡವನು ‘ಅದು’ ಎಲ್ಲಿ ಎಂದು ಕೇಳದೆ ಇರುತ್ತಾನೆಯೇ? ಬಿರಿಯಾನಿ ಎಂದು ಬೋರ್ಡು ಹಾಕಿ ಒಳ್ಳೆಯ ಮುದ್ದೆ-ಸಾರು ಬಡಿಸಿದರೂ ಗಿರಾಕಿ ಜಗಳಕ್ಕೆ ಬಂದೇ ಬರುತ್ತಾನೆ.

ತಪ್ಪನ್ನೆಲ್ಲ ಪ್ರಚಾರದವರ ತಲೆಗೆ ಕಟ್ಟಲೂ ಆಗದು. ನಿರ್ದೇಶಕ ಟ್ರೇ ಎಡ್ವರ್ಡ್ ಶಲ್ಟ್ಸ್ ಚಿತ್ರದೊಳಗೇ ಅದೇ ಆಸೆ ಹುಟ್ಟಿಸುತ್ತಾರೆ. ಟ್ರಾವಿಸ್‌ಗೆ ಮತ್ತೆ ಮತ್ತೆ ಕೆಟ್ಟ ಕನಸು. ಸತ್ತ ಅಜ್ಜ ಹುಣ್ಣಿನ ಮೈಯಲ್ಲಿ ಎದುರು ಕೂತಿರುತ್ತಾನೆ, ಬಾಯಿಂದ ಕಪ್ಪು ರಕ್ತ ಸುರಿಯುತ್ತದೆ, ಸದ್ದು ಜೋರಾಗುತ್ತದೆ, ಹುಡುಗ ಬೆಚ್ಚಿ ಏಳುತ್ತಾನೆ. ಮೊದಲ ಸಲ ನಾವೂ ಬೆಚ್ಚುತ್ತೇವೆ. ಮೂರನೆಯ ಸಲಕ್ಕೆ ಇದು ಅಗ್ಗದ ಭಯ ಎಂದು ತಿಳಿದುಬಿಡುತ್ತದೆ. ದೆವ್ವ ತೋರಿಸುವುದಿಲ್ಲ ಎಂದು ಹಟ ಹಿಡಿದ ಚಿತ್ರ, ಸಾಲ ತಂದಂತೆ ಕನಸಿನಿಂದ ದೆವ್ವ ತರುತ್ತದೆ. ಆ ಸಾಲವನ್ನು ಕೊನೆಗೂ ತೀರಿಸುವುದಿಲ್ಲ. ಕಾಡಿನಲ್ಲಿ ಕಾಣದ ಏನನ್ನೋ ನೋಡಿ ಮನೆಯ ನಾಯಿ ಬೊಗಳಿ ಓಡುವುದೂ ಅಂಥ ಇನ್ನೊಂದು ಸಾಲ. ಕೊರತೆ ಇನ್ನೂ ಒಂದಿದೆ: ಕಾರ್ಮೆನ್ ಎಜೋಗೊ, ರೈಲಿ ಕೀಯೊ ಅವರಂಥ ನಟಿಯರಿದ್ದೂ ಇಬ್ಬರು ಹೆಂಡತಿಯರ ಪಾತ್ರಗಳು ಗಂಡಂದಿರ ನೆರಳಲ್ಲೇ ಉಳಿದಿವೆ.

ಕಸುಬಿನಲ್ಲಿ ಮಾತ್ರ ಚಿತ್ರ ಗಟ್ಟಿ. ಬಂಡವಾಳ 50 ಲಕ್ಷ ಡಾಲರ್ ಮೀರಲಿಲ್ಲ ಎನ್ನುತ್ತಾರೆ, ಹಾಲಿವುಡ್ ಲೆಕ್ಕದಲ್ಲಿ ಅದು ಚಿಲ್ಲರೆ. ಶಲ್ಟ್ಸ್ ತಮ್ಮ ಮೊದಲ ಚಿತ್ರ ‘ಕ್ರಿಶಾ’ವನ್ನು ತಾಯಿಯ ಮನೆಯಲ್ಲೇ, ಸ್ವಂತ ಬಂಧುಗಳನ್ನೇ ನಿಲ್ಲಿಸಿ ಮುಗಿಸಿದವರು. ಒಂದು ಮನೆಯೊಳಗೆ ಎಷ್ಟು ಜಾಗವಿದೆ, ಎಷ್ಟು ಜಾಗವಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಛಾಯಾಗ್ರಾಹಕ ಡ್ರೂ ಡೇನಿಯಲ್ಸ್ ರಾತ್ರಿಯ ದೃಶ್ಯಗಳಿಗೆ ಪಾತ್ರಗಳು ಹಿಡಿದ ಲಾಟೀನು, ಬಂದೂಕಿಗೆ ಕಟ್ಟಿದ ಟಾರ್ಚುಗಳನ್ನೇ ಬೆಳಕಾಗಿಸಿದ್ದಾರೆ. ಬೆಳಕು ಹೋದಷ್ಟೇ ದೂರ ನಮಗೂ ಕಾಣುತ್ತದೆ. ಕೊನೆಕೊನೆಗೆ ಚೌಕಟ್ಟು ಮೇಲಿಂದಲೂ ಕೆಳಗಿಂದಲೂ ಇಷ್ಟಿಷ್ಟೇ ಕಿರಿದಾಗುತ್ತದೆ. ಹೆಚ್ಚಿನವರು ಇದನ್ನು ಗಮನಿಸಿರಲಾರರು, ಆದರೆ ಉಸಿರು ಕಟ್ಟಿದ್ದು ಅವರಿಗೂ ಗೊತ್ತಾಗಿರುತ್ತದೆ. ಮನೆಯ ಗೋಡೆಯ ಮೇಲೆ ತೂಗುಹಾಕಿದ, ಕಲಾವಿದ ಬ್ರೂಗೆಲ್‌ನ ‘ಮರಣದ ವಿಜಯ’ ವರ್ಣಚಿತ್ರದಲ್ಲಿ ಅಸ್ಥಿಪಂಜರಗಳ ದಂಡು ಜನರನ್ನು ಅಟ್ಟಿಸಿಕೊಂಡು ಬರುತ್ತಿದೆ. ಜಗತ್ತಿನ ಅಂತ್ಯ ತೋರಿಸಲು ಈ ಚಿತ್ರ ಮಾಡಿದ ದೊಡ್ಡ ಖರ್ಚು ಬಹುಶಃ ಅದೇ.

ಮೂರನೆಯ ತಕರಾರಿಗೆ ಬರೋಣ: ‘ಬಾಗಿಲು ತೆಗೆದವರು ಯಾರು?’ ರಾತ್ರಿ ಟ್ರಾವಿಸ್‌ಗೆ ಎಚ್ಚರವಾಗುತ್ತದೆ. ವಿಲ್‌ನ ಪುಟ್ಟ ಮಗ ಆಂಡ್ರೂ ಸತ್ತ ಅಜ್ಜನ ಕೋಣೆಯಲ್ಲಿ ನೆಲದ ಮೇಲೆ ಮಲಗಿದ್ದಾನೆ. ಕೈಹಿಡಿದು ಅಪ್ಪ ಅಮ್ಮನ ಹತ್ತಿರ ಬಿಟ್ಟು ಬರುತ್ತಾನೆ. ಸದ್ದು ಕೇಳಿ ಹೋದರೆ ಕೆಂಪು ಬಾಗಿಲು ತೆರೆದಿದೆ, ಕಾಡಿಗೆ ಓಡಿಹೋಗಿದ್ದ ನಾಯಿ ರಕ್ತಕಾರುತ್ತ ಹೊಸ್ತಿಲೊಳಗೆ ಬಿದ್ದಿದೆ. ಮಗು ನಿದ್ದೆಗಣ್ಣಲ್ಲಿ ತೆಗೆಯಿತೇ? ಅದರ ಕೈಗೆ ಎಟುಕುತ್ತದೆಯೇ? ಕನಸಿಗೂ ನನಸಿಗೂ ನಡುವೆ ಓಡಾಡುವ ಟ್ರಾವಿಸ್‌ನೇ ತೆಗೆದಿರಬಹುದೇ? ಚಿತ್ರ ಹೇಳುವುದಿಲ್ಲ. ಮಗುವಿಗೆ ಸೋಂಕಿದೆಯೇ? ಅದನ್ನೂ ಹೇಳುವುದಿಲ್ಲ. ಪಾಲ್ ಮಾತ್ರ ಉತ್ತರಕ್ಕಾಗಿ ಕಾಯಲಾರ. ಹಿಂದೆ ಒಮ್ಮೆ ಮಾತಿನ ನಡುವೆ ವಿಲ್ ತಾನು ಒಬ್ಬನೇ ಮಗ ಅಂದಿದ್ದ. ಅದಕ್ಕೂ ಮೊದಲು ಸೋದರನೊಬ್ಬನ ಮಾತಾಡಿದ್ದ. ಕೇಳಿದರೆ, ಹೆಂಡತಿಯ ಅಣ್ಣನನ್ನು ಹಾಗೆ ಕರೆದೆ ಎಂದ. ನಿಜವೇ ಇರಬಹುದು. ಆದರೆ ಬಾಗಿಲು ತೆರೆದ ರಾತ್ರಿಯ ಬಳಿಕ ಆ ಸಣ್ಣ ಬಿರುಕಿನಲ್ಲಿ ಪಾಲ್‌ಗೆ ಪೂರ್ತಿ ಸುಳ್ಳು ಕಾಣತೊಡಗುತ್ತದೆ. ಖಚಿತಪಡಿಸಿಕೊಳ್ಳಲು ಹೊರಟವನ ಕೈಯಿಂದ ಮಗು ಸಾಯುತ್ತದೆ, ಆಮೇಲೆ ತಾಯಿ.

‘ಡಿ’ ಕೊಟ್ಟವರು ಕೇಳಿದ್ದು ಪಾಲ್ ಕೇಳಿದ ಪ್ರಶ್ನೆಯನ್ನೇ. ಯಾರು ತೆಗೆದರು ಹೇಳಿ, ಯಾರ ತಪ್ಪು ಹೇಳಿ. ಹಾಗೆಂದು ಇದನ್ನು ಹಿಡಿದು ಪ್ರೇಕ್ಷಕನನ್ನು ಹಂಗಿಸುವುದು ಸುಲಭ, ಚಿತ್ರದ ಭಕ್ತರು ಅದನ್ನೇ ಮಾಡಿದರು. ‘ಮನುಷ್ಯನೇ ನಿಜವಾದ ರಾಕ್ಷಸ’ ಎಂಬ ಸವಕಲು ಮಾತನ್ನು ಉತ್ತರವೆಂದು ಮುಂದಿಟ್ಟರು. ಪಾಲ್ ರಾಕ್ಷಸನಲ್ಲ. ಜಗತ್ತು ಮುಳುಗುವ ಮೊದಲು ಅವನು ಇತಿಹಾಸದ ಮೇಷ್ಟ್ರು, ರೋಮ್ ಸಾಮ್ರಾಜ್ಯದ ಬಗ್ಗೆ ಬೇಕಾದರೆ ಕೇಳು ಎಂದು ನಗುತ್ತ ಹೇಳಿಕೊಳ್ಳುವವನು. ಜೋಯೆಲ್ ಎಡ್ಜರ್ಟನ್ ಅವನನ್ನು ದಣಿದ, ಶಿಸ್ತಿನ, ಮನೆಯವರನ್ನು ಪ್ರೀತಿಸುವ ಗೃಹಸ್ಥನಾಗಿಯೇ ಆಡಿದ್ದಾರೆ. ಅವನ ಒಂದೊಂದು ನಿರ್ಧಾರವನ್ನೂ ಬಿಡಿಯಾಗಿ ನೋಡಿದರೆ ನಾವೂ ಹಾಗೇ ಮಾಡುತ್ತಿದ್ದೆವು ಅನ್ನಿಸುತ್ತದೆ. ಕೂಡಿಸಿದರೆ ಮೊತ್ತ ಕೊಲೆ. ಚಿತ್ರ ಹೆದರಿಸುವುದು ಈ ಲೆಕ್ಕದಿಂದ.

ಹೋಲಿಕೆಗೆ ಜಾರ್ಜ್ ರೊಮೆರೊ ಅವರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಇದೆ. ಸುಮಾರು 1,14,000 ಡಾಲರಿನಲ್ಲಿ ತೆಗೆದು 1968ರಲ್ಲಿ ತೆರೆಗೆ ಬಂದ ಚಿತ್ರ. ಅಲ್ಲಿಯೂ ಒಂಟಿ ಮನೆ, ಹಲಗೆ ಹೊಡೆದ ಕಿಟಕಿ, ಒಳಗಿನವರ ಜಗಳ. ಆದರೆ ರೊಮೆರೊ ಕಿಟಕಿಯಾಚೆ ನಿಜವಾದ ಹೆಣಗಳನ್ನು ನಡೆಸಿದರು. ಪ್ರೇಕ್ಷಕನಿಗೆ ಕೇಳಿದ್ದನ್ನು ಕೊಟ್ಟು, ಆಮೇಲೆ ಕೇಳದ್ದನ್ನೂ ಕೊಟ್ಟರು. ಶಲ್ಟ್ಸ್ ಕೇಳದ್ದನ್ನಷ್ಟೇ ಕೊಡುತ್ತಾರೆ, ಕೇಳಿದ್ದನ್ನು ಕನಸಿನಲ್ಲಿ ತೋರಿಸಿ ಕಸಿದುಕೊಳ್ಳುತ್ತಾರೆ. ಕನಸುಗಳನ್ನು ಕಿತ್ತುಹಾಕುವ ಧೈರ್ಯ ಅವರಿಗಿದ್ದಿದ್ದರೆ ಅಥವಾ ರೊಮೆರೊಗಿದ್ದ ಔದಾರ್ಯ ಅವರಲ್ಲಿದ್ದಿದ್ದರೆ ಇದು ದೊಡ್ಡ ಚಿತ್ರವಾಗುತ್ತಿತ್ತು. ಈಗ ಇದು ಮರೆಯಲಾಗದ, ಕೊಂಚ ಮೋಸದ ಚಿತ್ರ. ನನ್ನ ಚೀಟಿಯಲ್ಲಿ ‘ಬಿ’.

ಮೊದಲ ದೃಶ್ಯದಲ್ಲಿ ಸಾರಾ ಸಾಯುವ ತಂದೆಗೆ, ಇನ್ನು ಹಿಡಿದುಕೊಳ್ಳಬೇಡ, ಹೊರಡು ಎಂದು ಹೇಳುತ್ತಾಳೆ. ಶಲ್ಟ್ಸ್ ತಮ್ಮ ತಂದೆಯ ಸಾವಿನ ನೋವಿನಿಂದ ಬರೆದ ಮಾತುಗಳವು. ಕೊನೆಯಲ್ಲಿ ಹಾಸಿಗೆ ಹಿಡಿದ ಟ್ರಾವಿಸ್‌ನ ಪಕ್ಕ ಕೂತು ಅವಳು ಮಗನಿಗೂ ಅದನ್ನೇ ಹೇಳಬೇಕಾಗುತ್ತದೆ. ಆಮೇಲೆ ಎರಡು ಕುಟುಂಬ ಒಟ್ಟಿಗೆ ಉಂಡಿದ್ದ ಮೇಜಿನಲ್ಲಿ ಗಂಡ ಹೆಂಡತಿ ಇಬ್ಬರೇ ಎದುರುಬದುರು ಕೂರುತ್ತಾರೆ. ಇಬ್ಬರ ಮೈಯಲ್ಲೂ ಹುಣ್ಣು. ಬಾಗಿಲು ತೆಗೆದವರು ಯಾರು ಎಂದು ಅವರು ಒಬ್ಬರನ್ನೊಬ್ಬರು ಕೇಳುವುದಿಲ್ಲ.