ತಂಬೂರಿ, ಕೀಬೋರ್ಡು ಮತ್ತು ಹಾಡು ಹೋದ ದಿಕ್ಕು

ಅಮೆರಿಕದ ಕರಿಯರ ಹತ್ತಿರ ನಮ್ಮ ದಲಿತ ವಿಮರ್ಶೆ ಹೋದದ್ದು ಕಾವ್ಯಕ್ಕಾಗಿ, ಆತ್ಮಕಥೆಗಾಗಿ. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದಾಗ ಹೆಸರೂ ಅಲ್ಲಿಂದಲೇ ಬಂತು. ಅವರ ಸಂಗೀತದ ಬಗ್ಗೆ ಮಾತ್ರ ನಾವು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕೆಡಿಸಿಕೊಂಡಿದ್ದರೆ 'ಆಧ್ಯಾತ್ಮ' ಎಂಬ ಮಾತು ಕೇಳಿದ ಕೂಡಲೇ ಬೆಚ್ಚಿಬೀಳುವ ನಮ್ಮ ಚಾಳಿ ಸ್ವಲ್ಪ ಕಡಿಮೆಯಾಗುತ್ತಿತ್ತೇನೋ.

ಲಾನಿ ಲಿಸ್ಟನ್ ಸ್ಮಿತ್ ಎಂಬ ಕೀಬೋರ್ಡ್ ವಾದಕನನ್ನು ನೆಪವಾಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. 1940ರಲ್ಲಿ ವರ್ಜೀನಿಯಾದ ರಿಚ್ಮಂಡಿನಲ್ಲಿ ಹುಟ್ಟಿದವನು. ತಂದೆ ಹಾರ್ಮೊನೈಸಿಂಗ್ ಫೋರ್ ಎಂಬ ಗಾಸ್ಪೆಲ್ ತಂಡದ ಹಾಡುಗಾರ. ಮಗ ಆರ್ಟ್ ಬ್ಲೇಕಿ, ರೋಲಂಡ್ ಕರ್ಕ್ ಇಂಥವರ ಗರಡಿಯಲ್ಲಿ ಜಾಝ್ ಪಿಯಾನೊ ನುಡಿಸಿ ಪಳಗಿದ. 1969ರಲ್ಲಿ ಫರೋ ಸ್ಯಾಂಡರ್ಸ್‌ನ 'ಕರ್ಮ' ಎಂಬ ರೆಕಾರ್ಡಿನಲ್ಲೂ ಪಿಯಾನೊ ಈತನದೇ. (ನಮ್ಮ ತಲೆಯ ಮೇಲೆ ಹೊರಿಸಿದ ಚಪ್ಪಡಿಯಂಥ ಈ ಪದ ಅಷ್ಟು ದೂರ ಹೋಗಿ ಬಿಡುಗಡೆಯ ಪದವಾದ ಕಥೆಯನ್ನು ಯಾರಾದರೂ ಬೇರೆಯಾಗಿ ಬರೆಯಬೇಕು.) 1971ರ 'ಥೆಂಬಿ' ರೆಕಾರ್ಡಿಂಗಿನ ಹೊತ್ತಿಗೆ ಸ್ಟುಡಿಯೋದಲ್ಲಿದ್ದ ಫೆಂಡರ್ ರೋಡ್ಸ್ ಎಂಬ ಎಲೆಕ್ಟ್ರಿಕ್ ಪಿಯಾನೊ ಕೈಗೆ ಸಿಕ್ಕಿತು. ಅದನ್ನು ಸುಮ್ಮನೆ ನುಡಿಸಿ ನೋಡುತ್ತಲೇ 'ಆಸ್ಟ್ರಲ್ ಟ್ರಾವೆಲಿಂಗ್' ಕಟ್ಟಿದ. 1973ರಲ್ಲಿ ಕಾಸ್ಮಿಕ್ ಎಕೋಸ್ ಎಂಬ ಸ್ವಂತ ತಂಡವಾಯಿತು. 1975ರ 'ಎಕ್ಸ್‌ಪ್ಯಾನ್ಶನ್ಸ್' ಬರುವಷ್ಟರಲ್ಲಿ ಧ್ಯಾನದ ಸಂಗೀತ ಫಂಕ್‌ನ ಬೇಸ್ ಗತ್ತಿಗೆ ಹೆಜ್ಜೆ ಹಾಕತೊಡಗಿತ್ತು. ಹಾಡಿದವನು ತಮ್ಮ ಡೊನಾಲ್ಡ್. ಕೂತು ಕೇಳುವ ಕ್ಲಬ್ಬಿನಿಂದ ಹಾಡು ಎದ್ದು ಕುಣಿಯುವ ಜಾಗಕ್ಕೆ ಬಂತು.

ಇದನ್ನು ಕೇಳಿಸಿದಾಗ ಮಂಡ್ಯದ ಗೆಳೆಯರೊಬ್ಬರು, 'ಇದೆಲ್ಲಾ ಹೊಟ್ಟೆ ತುಂಬಿದೋರ ಧ್ಯಾನ ಕಣಯ್ಯ, ಇದರಲ್ಲಿ ಸಿಟ್ಟೆಲ್ಲಿದೆ?' ಎಂದರು. ಸುಮ್ಮನೆ ತಳ್ಳಿಹಾಕುವ ಮಾತಲ್ಲ. ವಿಶ್ವಶಾಂತಿಯ ಬಗ್ಗೆ ಸ್ಮಿತ್‌ನ ಹಾಡುಗಳು ಹೇಳುವ ಮಾತು ತೀರಾ ತೆಳು. ಡಿಸ್ಕೊ ಕಾಲದ ಕೆಲವು ರೆಕಾರ್ಡುಗಳಂತೂ ಸಪ್ಪೆ. ಆದರೆ ಸಿಟ್ಟಿರುವಲ್ಲಿ ಮಾತ್ರ ಪ್ರತಿರೋಧ ಇರುತ್ತದೆಂದು ನಂಬಿದರೆ ಮಳವಳ್ಳಿ ಸೀಮೆಯ ನೀಲಗಾರರನ್ನು ನಾವು ಎಲ್ಲಿಡುವುದು?

ಬೊಪ್ಪೇಗೌಡನಪುರದ ಗದ್ದಿಗೆಗೆ ನಡೆದುಕೊಳ್ಳುವ ದಲಿತ ಹಾಗೂ ಹಿಂದುಳಿದ ಜಾತಿಗಳ ಈ ಗುರುಪರಂಪರೆಯಲ್ಲಿ ಆಧ್ಯಾತ್ಮ ಮತ್ತು ಅವಮಾನ ಬೇರೆಬೇರೆ ಅಧ್ಯಾಯಗಳಲ್ಲ. ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ಸತ್ತ ಕರು ಹೊತ್ತು, ಹೆಂಡದ ಗಡಿಗೆ ಹಿಡಿದು. ಕೂರುವುದು ತಿಪ್ಪೆಯ ಮೇಲೆ. ಶರಣರ ಶರಣತನ ಅಲ್ಲಿ ಪರೀಕ್ಷೆಗೆ ಬೀಳುತ್ತದೆ. ಮದ್ದೂರಿನ ನಿಡಘಟ್ಟದ ಕಮ್ಮಾರರ ಮಗ ಕೆಂಪಾಚಾರಿ ಸಿದ್ದಪ್ಪಾಜಿಯಾಗುವುದು, ಕಬ್ಬಿಣದ ಭಿಕ್ಷೆಗೆ ಹಲಗೂರಿಗೆ ಹೋಗಿ ಪಾಡುಪಡುವುದು, ಎಲ್ಲವೂ ನಾವು ದಿನಾ ಬಸ್ಸಿನಲ್ಲಿ ದಾಟುವ ಊರುಗಳಲ್ಲೇ.

ಈ ಸೀಮೆಯ ಹಾಡೂ ಕೀಬೋರ್ಡಿನ ಕೈಗೆ ಬಂತು. 1996ರ 'ಜನುಮದ ಜೋಡಿ' ಚಿತ್ರದಲ್ಲಿ ಮಾದೇಶ್ವರನ ಹಾಡು ಕೇಳಿದೆವು. 2021ರ 'ಗರುಡ ಗಮನ ವೃಷಭ ವಾಹನ'ದಲ್ಲಿ 'ಸೋಜುಗಾದ ಸೂಜುಮಲ್ಲಿಗೆ' ಕೇಳಿದೆವು. ಇಂಪಾಗಿವೆ, ನನಗೂ ಇಷ್ಟ. ಫ್ಯೂಶನ್ ವೇದಿಕೆಗಳಲ್ಲಿ ಇಂಥವಕ್ಕೆ ಒಳ್ಳೆಯ ಚಪ್ಪಾಳೆ. ಆದರೆ ಅಲ್ಲಿ ಕಥೆಯಿಂದ ಸ್ತುತಿಯನ್ನಷ್ಟೇ ಬಿಡಿಸಿಕೊಳ್ಳುತ್ತಾರೆ. ತಂಬೂರಿಯನ್ನು ಕರೆಯುತ್ತಾರೆ, ಸತ್ತ ಕರುವನ್ನು ಕರೆಯುವುದಿಲ್ಲ. ಕೆಳಗೆ 'ಜನಪದ' ಎಂದು ಬರೆದರೆ ಹಾಡಿಕೊಂಡು ಬಂದವರ ಲೆಕ್ಕ ಚುಕ್ತಾ. ಅದೇ 1996ರಲ್ಲಿ ನ್ಯೂಯಾರ್ಕಿನ ಜೇ-ಝೀ ತನ್ನ 'ಡೆಡ್ ಪ್ರೆಸಿಡೆಂಟ್ಸ್'ಗೆ ಸ್ಮಿತ್‌ನ 1983ರ ಕೃತಿಯೊಂದರ ತುಣುಕು ಬಳಸಿದಾಗ ಸ್ಮಿತ್‌ನ ಹೆಸರೂ ಜೊತೆಗೆ ಹೋಯಿತು. ನೀಲಗಾರರ ಹಾಡು ಒಬ್ಬರ ಸ್ವತ್ತಲ್ಲ, ನಿಜ. ಹಂಗಂತ ಅದು ಯಾರ ಸ್ವತ್ತೂ ಅಲ್ಲವೇ?

ಆದ್ದರಿಂದ ಸ್ಮಿತ್ ಹಿಡಿದ ದಾರಿಗೆ ನಮ್ಮಲ್ಲಿ ಜೋಡಿ ಹುಡುಕುವವರು ಫ್ಯೂಶನ್ ಬ್ಯಾಂಡುಗಳ ಕಡೆ ನೋಡಬಾರದು ಎಂಬುದು ನನ್ನ ತಕರಾರು. ಅವನ ಹಾಡು ಬಲ್ಲವರ ಕೂಟದಿಂದ ಬೀದಿಯ ಕಡೆ ಇಳಿಯಿತು. ನಮ್ಮ ಫ್ಯೂಶನ್ ಜಗಲಿಯ ಹಾಡನ್ನು ಟಿಕೆಟ್ಟಿನ ಸಭಾಂಗಣಕ್ಕೆ ಹತ್ತಿಸಿತು. ಎರಡರ ದಿಕ್ಕೇ ಬೇರೆ. ನಿಜವಾದ ಜೋಡಿ ಇರುವುದು ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ಕ್ಯಾಸೆಟ್ಟುಗಳಲ್ಲಿ. ತಂಬೂರಿ, ಗಗ್ಗರ, ದಿಕ್ಕಿಗಳ ಪಕ್ಕ ಹೊಸ ವಾದ್ಯಗಳು ಬಂದು ಕೂತವು; ರಾತ್ರಿಯಿಡೀ ಹಾಡುವ ಕಥೆ ಗಂಟೆಗಳ ಅಳತೆಗೆ ಇಳಿಯಿತು. ಆದರೂ ಕಥೆ ಕಥೆಯಾಗಿಯೇ ಉಳಿಯಿತು, ತಿಪ್ಪೆ ಹೆಂಡಗಳ ಸಮೇತ. ಟೀ ಅಂಗಡಿ, ಟ್ರ್ಯಾಕ್ಟರು, ಆಲೆಮನೆಗಳಿಗೆ ಹೋಯಿತು. ಇದನ್ನು 'ಕಲಬೆರಕೆ' ಎಂದು ಮೂಗು ಮುರಿಯುವ ಜಾನಪದ ಪಂಡಿತರಿದ್ದಾರೆ. ಶುದ್ಧದ ಮಾತು ಯಾರ ಬಾಯಿಂದ ಬಂದರೂ ದಲಿತ ವಿಮರ್ಶೆ ಅನುಮಾನಪಡಬೇಕಲ್ಲವೇ? ಆದರೆ ನಾವೇ ಕ್ಯಾಸೆಟ್ಟನ್ನು ಬಿಟ್ಟು ಅಚ್ಚಾದ ಪಠ್ಯದ ಮೇಲೆ ಪ್ರಬಂಧ ಬರೆಯುತ್ತಾ ಕೂತಿದ್ದೇವೆ. ಎಂ.ಎ.ಯಲ್ಲಿ ನಾನು ಓದಿದ್ದೂ ಹಾಗೆಯೇ.

ಆ ಕ್ಯಾಸೆಟ್ಟುಗಳ ಕಥೆಗಳು ಈಗ ಮೊಬೈಲಿನಲ್ಲಿವೆ. ಮದ್ದೂರಿನಲ್ಲಿ ನನ್ನ ಪಾಠಕ್ಕೆ ಕೂರುವ ಹುಡುಗನೊಬ್ಬ ಹಲಗೂರಿನ ಸಾಲನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿದ್ದಾನೆ. ಹಾಡುತ್ತಾ ಹಾಡುತ್ತಾ ಒಂದು ಕಡೆ, ಕಥೆ ಇನ್ನೂ ನಡುದಾರಿಯಲ್ಲಿರುವಾಗಲೇ, ತಟ್ಟನೆ ನಿಲ್ಲಿಸಿ ಉಸಿರೆಳೆದುಕೊಂಡು ಮುಂದುವರಿಯುತ್ತಾನೆ. ಯಾಕಪ್ಪ ಅಲ್ಲಿ ನಿಲ್ಲಿಸ್ತೀಯ ಅಂದೆ. 'ಅದು ಅಂಗೇ ಸಾರ್' ಅಂದ. ಕ್ಯಾಸೆಟ್ಟಿನ ಒಂದು ಬದಿ ಮುಗಿಯುತ್ತಿದ್ದದ್ದು ಅಲ್ಲಿ.